ಚಹಾದ ಜೊತೆಯ ಗುಳಿಗೆ

ರಕ್ತ ತೆಗೆದ ಮೇಲೆ ಅದನ್ನು ತಣ್ಣಗಿಟ್ಟು, ಎರಡು ತಾಸಿನೊಳಗೆ ಯಂತ್ರಕ್ಕೆ ಹಾಕಿ ತಿರುಗಿಸಬೇಕು. ತಡವಾದರೆ ನಾವು ಅಳೆಯಬೇಕಾದ ಸೂಕ್ಷ್ಮ ವಸ್ತುಗಳು ಹಾಳಾಗಿ, ಬಂದ ಉತ್ತರವೆಲ್ಲ ಸುಳ್ಳಾಗುತ್ತದೆ. ಸಿರುಗುಪ್ಪದಿಂದ ಬಳ್ಳಾರಿಗೆ ಬಸ್ಸಿನಲ್ಲಿ ಹತ್ತಿರ ಹತ್ತಿರ ಒಂದೂವರೆ ತಾಸು. ಹಾಗಾಗಿ ಪ್ರತಿ ಮಂಗಳವಾರ ನಾನು ಐಸ್ ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಡ್ರೈವರ್ ಎಲ್ಲಿ ಚಹಾಕ್ಕೆಂದು ಗಾಡಿ ನಿಲ್ಲಿಸುತ್ತಾನೋ ಎಂದು ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದೆ. "ಏನ್ ಮೇಡಂ, ಇವತ್ತು ಯಾವ ಮೀನ?" ಎಂದು ಕಂಡಕ್ಟರ್ ಕೇಳುತ್ತಿದ್ದ. ಒಮ್ಮೆ ರಕ್ತ ಎಂದು ನಿಜ ಹೇಳಿದ್ದಕ್ಕೆ ಪಕ್ಕದ ಸೀಟಿನ ಹೆಂಗಸು ಎದ್ದು ಹಿಂದಕ್ಕೆ ಹೋಗಿದ್ದಳು. ಅಂದಿನಿಂದ ಮೀನು ಎಂದೇ ಒಪ್ಪಿಕೊಂಡುಬಿಟ್ಟೆ.

ಬಳ್ಳಾರಿಯ ಒಂದು ಪ್ರಯೋಗಾಲಯದಲ್ಲಿ ಖಿನ್ನತೆಯ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೆ. ಜ್ವರ ಬಂದಾಗ ಯಾರ ಮುಖವೂ ಬೇಡ, ಊಟ ಬೇಡ, ಮೂಲೆ ಹಿಡಿದು ಮಲಗಿದರೆ ಸಾಕು ಅನಿಸುತ್ತದಲ್ಲ? ರೋಗದ ವಿರುದ್ಧ ಹೋರಾಡುವ ನಮ್ಮ ದೇಹದ ಪಡೆಯೇ ಮಿದುಳಿಗೆ ಹಾಗೆ ಹೇಳಿ ಕಳಿಸುತ್ತದೆ. ಕೆಲವರಲ್ಲಿ ಜ್ವರವಿಲ್ಲದಿದ್ದರೂ ಆ ಪಡೆ ಒಳಗೊಳಗೇ ಕೆರಳಿರುತ್ತದೆ. ಇದಕ್ಕೆ ಉರಿಯೂತ ಎನ್ನುತ್ತೇವೆ. ಅಂಥವರಿಗೆ ಖಿನ್ನತೆಯ ಮಾಮೂಲಿ ಗುಳಿಗೆ ಅಷ್ಟಾಗಿ ಹಿಡಿಯುವುದಿಲ್ಲವೇ? ಇದು ನನ್ನ ಪ್ರಶ್ನೆ. ಕುರುಗೋಡಿನಲ್ಲಿರುವ ನನ್ನ ಅವ್ವ ಇದನ್ನೆಲ್ಲ ಕೇಳಿಸಿಕೊಂಡು, "ಮನಸಿನ ಬ್ಯಾನಿ ರಕ್ತದಾಗ ಹುಡುಕಾಕ ಹತ್ತ್ಯಲ್ಲ, ನಿನಗ ಯಾರ್ ಪಗಾರ ಕೊಡ್ತಾರಲೇ?" ಎಂದಿದ್ದಳು.

ಸಿರುಗುಪ್ಪದಲ್ಲಿ ಬಾಡಿಗೆಗೆ ಹಿಡಿದ ಒಂದು ಕೋಣೆಗೆ ನನ್ನ ಮಾರ್ಗದರ್ಶಕಿ ವಾರಕ್ಕೊಮ್ಮೆ ಬರುತ್ತಿದ್ದರು. ಅವರು ಮನೋವೈದ್ಯೆ. ಖಿನ್ನತೆ ಇದ್ದವರನ್ನು ಪರೀಕ್ಷಿಸಿ ಗುಳಿಗೆ ಬರೆದುಕೊಡುವುದು ಅವರ ಕೆಲಸ. ರಕ್ತ ತೆಗೆದು, 'ಈ ವಾರ ನಿದ್ದೆ ಹೇಗಿತ್ತು, ಊಟ ಹೇಗಿತ್ತು, ಸುಸ್ತು ಎಷ್ಟು' ಎಂದು ಕೇಳಿ ಬರೆದುಕೊಳ್ಳುವುದು ನನ್ನದು. ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತೀರಿ ಎಂಬುದೂ ಆ ಹಾಳೆಯಲ್ಲಿತ್ತು. ಹಾಳೆ ತಯಾರಿಸಿದವಳು ನಾನೇ. ನಮ್ಮ ಭಾಗದ ಜನರಿಗೆ ತಿಳಿಯುವಂತೆ ಬರೆದಿದ್ದೇನೆ ಎಂಬ ಜಂಬವೂ ಇತ್ತು.

ಬರುತ್ತಿದ್ದವರಲ್ಲಿ ಭತ್ತದ ನಾಟಿ ಮಾಡುವ ಒಬ್ಬ ಹೆಂಗಸಿದ್ದಳು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬೇಕು. ಅಕ್ಕ ಎಂದೇ ಕರೆಯುತ್ತಿದ್ದೆ. ಗುಳಿಗೆ ಶುರುವಾದ ನಾಲ್ಕನೆಯ ವಾರಕ್ಕೆ ಆಕೆಗೆ ನಿದ್ದೆ ಬರತೊಡಗಿತು. ರೊಟ್ಟಿ ರುಚಿಸತೊಡಗಿತು. ಸುಸ್ತು ಮಾತ್ರ ವಾರದಿಂದ ವಾರಕ್ಕೆ ಏರುತ್ತಲೇ ಹೋಯಿತು. ರಕ್ತದಲ್ಲಿ ಉರಿಯೂತದ ಗುರುತು ಒಂದು ಸಲ ಮೇಲಕ್ಕೆ, ಒಂದು ಸಲ ಕೆಳಕ್ಕೆ. ನನಗೆ ಸಿಟ್ಟು ಬಂತು. ಆಕೆಯ ಮೇಲೆ ಬಂತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಬಂದದ್ದು ಅಲ್ಲಿಗೇ. ಎರಡೆರಡು ಸಲ ಅಳೆದೆ. ಯಂತ್ರ ಸರಿಯಿತ್ತು.

"ಒಬ್ಬರದು ಹೊಂದಲಿಲ್ಲ ಅಂದ್ರೆ ಅಷ್ಟು ತಲೆ ಕೆಡಿಸ್ಕೋಬೇಡಮ್ಮ, ಮುಂದೆ ಹೋಗು" ಎಂದರು ಮಾರ್ಗದರ್ಶಕಿ.

ನನಗೆ ಹಾಗೆ ಬಿಟ್ಟು ಹೋಗಲು ಬರುವುದಿಲ್ಲ. ಸಾಲೆಯಲ್ಲೂ ಒಂದು ಲೆಕ್ಕ ಬಗೆಹರಿಯದಿದ್ದರೆ ಊಟಕ್ಕೆ ಏಳುತ್ತಿರಲಿಲ್ಲ. ಮುಂದಿನ ಮಂಗಳವಾರ ರಕ್ತದ ಕೆಲಸವನ್ನೇ ರದ್ದು ಮಾಡಿ, ಆಕೆ ನಾಟಿ ಮಾಡುತ್ತಿದ್ದ ಗದ್ದೆಯನ್ನು ಹುಡುಕಿಕೊಂಡು ಹೋದೆ. ಕೂಲಿ ಹೆಂಗಸರ ಕೆಲಸದ ಬಗ್ಗೆ ತಿಳಿಯಲು ಬಂದಿದ್ದೇನೆ ಎಂದು ಮೇಸ್ತ್ರಿಗೆ ಹೇಳಿದೆ. ಮೇಸ್ತ್ರಿ ಎಂದರೆ ಆ ಗುಂಪನ್ನು ಕಟ್ಟಿಕೊಂಡು ಕೆಲಸಕ್ಕೆ ತರುವ ಹೆಂಗಸು, ಬಾಯಿ ಜೋರಿನವಳು. ಅಕ್ಕ ನನ್ನತ್ತ ನೋಡಲೇ ಇಲ್ಲ. ಮನಸ್ಸಿಗೆ ಔಷಧಿ ತೆಗೆದುಕೊಳ್ಳುತ್ತಿದ್ದಾಳೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಣ್ಣು ತೋರಿಸಲು ಹೋಗುತ್ತೇನೆಂದು ಹೇಳಿ ಮಂಗಳವಾರ ಅರ್ಧ ದಿನ ರಜೆ ಕೇಳುತ್ತಿದ್ದಳಂತೆ. ನಾನೂ ಗುರುತಿಲ್ಲದವಳಂತೆ ಬದುವಿನ ಮೇಲೆ ಕೂತೆ.

ಬೆಳಗಿನಿಂದ ಬಗ್ಗಿದ ಬೆನ್ನುಗಳು ಮಧ್ಯಾಹ್ನ ಚಹಾದ ಹೊತ್ತಿಗೆ ನೆಟ್ಟಗಾದವು. ಮೇಸ್ತ್ರಿ ಕೆಟಲಿನಿಂದ ಲೋಟಗಳಿಗೆ ಚಹಾ ಬಗ್ಗಿಸಿದಳು. ಪ್ರತಿ ಲೋಟದ ಜೊತೆಗೆ ಕೈಚೀಲದಿಂದ ಒಂದೊಂದು ಬಿಳಿ ಗುಳಿಗೆ. ಯಾರೂ ಅದೇನೆಂದು ಕೇಳಲಿಲ್ಲ. ಮಾತಾಡುತ್ತಲೇ ಬಾಯಿಗೆ ಒಗೆದುಕೊಂಡು ಚಹಾ ಕುಡಿದರು. ನನ್ನ ಕೈಗೂ ಒಂದು ಬಂತು. ನಾನೂ ಮಾತಾಡುತ್ತಲೇ ಅದನ್ನು ತುಟಿಯವರೆಗೆ ಒಯ್ದಿದ್ದೆ.

ಕೈ ಅಲ್ಲೇ ನಿಂತಿತು. ಕುರುಗೋಡಿನಲ್ಲಿ ಮೆಣಸಿನಕಾಯಿ ಬಿಡಿಸಲು ಅವ್ವನ ಜೊತೆ ಹೋಗುತ್ತಿದ್ದಾಗ ಹೀಗೆಯೇ ಚಹಾದ ಜೊತೆ ಗುಳಿಗೆ ಬರುತ್ತಿತ್ತು. ದೊಡ್ಡವರಿಗೆ ಒಂದು, ನಮಗೆ ಅರ್ಧ. ಚಹಾಕ್ಕೆ ಬೆಲ್ಲ ಹಾಕಿದಂತೆ ಅದೂ ಒಂದು. ಔಷಧಿ ಎಂದು ಯಾರಿಗೆ ಅನಿಸುತ್ತದೆ? ನನ್ನ ಹಾಳೆಗೆ ಉತ್ತರಿಸಿದವರಿಗೂ ಅನಿಸಲಿಲ್ಲ, ಹಾಳೆ ಬರೆದ ನನಗೂ ಅನಿಸಲಿಲ್ಲ. ಬೇರೆ ಊರಿನಿಂದ ಬಂದವಳಾಗಿದ್ದರೆ ಮೊದಲ ದಿನವೇ ಕೇಳುತ್ತಿದ್ದೆನೇನೋ.

ಅದು ನೋವಿನ ಗುಳಿಗೆ. ನಾವು ಅಳೆಯುತ್ತಿದ್ದ ಉರಿಯೂತದ ದಾರಿಗೇ ಕೈ ಹಾಕುವಂಥದ್ದು. ರಕ್ತದ ಏರುಪೇರಿಗೆ ಅದೂ ಕಾರಣವಿರಬಹುದು ಎಂದು ಹೊಳೆದ ಬೆನ್ನಿಗೇ ಇನ್ನೊಂದೂ ಹೊಳೆಯಿತು. ಸೆರೊಟೋನಿನ್ ಎಂಬ ರಾಸಾಯನಿಕವನ್ನು ಎಲ್ಲರೂ ಮಿದುಳಿನದೆಂದೇ ತಿಳಿಯುತ್ತಾರೆ. ರಕ್ತ ಹೆಪ್ಪುಗಟ್ಟಿಸುವ ಕಣಗಳಿಗೂ ಅದು ಬೇಕು. ಖಿನ್ನತೆಗೆ ನಾವು ಕೊಡುತ್ತಿದ್ದ ಗುಳಿಗೆ ಆ ಕಣಗಳಲ್ಲಿ ಅದನ್ನು ಕಡಿಮೆ ಮಾಡುತ್ತದೆ. ಬರೀ ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ನೋವಿನ ಗುಳಿಗೆ ದಿನಾ ಹೊಟ್ಟೆಯ ಒಳಪದರವನ್ನು ಕೆರೆಯುತ್ತಿದ್ದರೆ, ಅಲ್ಲಿ ಒಸರಿದ ರಕ್ತ ಬೇಗ ನಿಲ್ಲುವುದಿಲ್ಲ. ಆಕೆಯ ಸುಸ್ತನ್ನು ನಾನು ವಾರವಾರವೂ ಖಿನ್ನತೆಯ ಖಾನೆಯಲ್ಲಿ ಬರೆಯುತ್ತಿದ್ದೆ.

ಹೊಟ್ಟೆಯೊಳಗೆ ರಕ್ತ ಒಸರಿದರೆ ಮಲ ಕಪ್ಪಾಗುತ್ತದೆ. ಅಕ್ಕ ನೀರು ಕುಡಿಯಲು ಕಾಲುವೆಯ ಕಡೆ ಹೋದಾಗ ಹಿಂದೆಯೇ ಹೋದೆ.

"ಅಕ್ಕ, ಸಂಡಾಸ ಕರ್ರಗ ಬರ್ತೈತೇನ್ರಿ?"

"ಭಾಳ ದಿನ ಆತ್ರಿ. ಡಾಂಬರ್ ಇದ್ದಂಗ. ಹೊಟ್ಯಾಗಿನ ಉಷ್ಣ ಅಂದ್ಕೊಂಡಿದ್ದೆ." ಹಾಗೆಂದವಳು ನೀರಿಗೆ ಬಗ್ಗಿ ಮೇಲೇಳುವಾಗ ತಲೆ ತಿರುಗಿದಂತಾಗಿ ನನ್ನ ಭುಜ ಹಿಡಿದಳು. ಕಣ್ಣಿನ ಕೆಳರೆಪ್ಪೆ ಸರಿಸಿ ನೋಡಿದೆ. ಕಾಗದದಷ್ಟು ಬಿಳುಪು.

ಆಟೋ ಹಿಡಿದೆ, ಮಾರ್ಗದರ್ಶಕಿಗೆ ಫೋನ್ ಮಾಡಿದೆ, ಸಿರುಗುಪ್ಪದಿಂದ ಬಳ್ಳಾರಿಗೆ ಆಂಬುಲೆನ್ಸ್ ಸಿಕ್ಕಿತು. ಐಸ್ ಡಬ್ಬಿಯ ಜೊತೆ ಸುಮಾರು ನೂರು ಸಲ ಓಡಾಡಿದ ಅದೇ ರಸ್ತೆ. ಅರ್ಧ ದಾರಿಯಲ್ಲಿ ಆಕೆ ನನ್ನ ಮಣಿಕಟ್ಟು ಹಿಡಿದುಕೊಂಡು ಕೇಳಿದಳು: "ಮೇಡಂ, ನಾ ಸಾಯಂಗಿಲ್ಲಲ್ರಿ?"

ಹೆದರಿಕೆಯ ದನಿ ಅದು. ಮೊದಲ ವಾರ ಇದೇ ಬಾಯಿಂದ "ಕಣ್ಣು ಮುಚ್ಚಿದ್ರ ಸಾಕಾಗೈತ್ರಿ" ಎಂಬ ಮಾತನ್ನು ನಾನು ಹಾಳೆಯಲ್ಲಿ ಬರೆದುಕೊಂಡಿದ್ದೆ. ಈಗ ಸಾವಿಗೆ ಹೆದರುತ್ತಿದ್ದಾಳೆ. ನಮ್ಮ ಗುಳಿಗೆ ಮನಸ್ಸಿನಲ್ಲಿ ಕೆಲಸ ಮಾಡಿತ್ತು. ಆ ಹೊತ್ತಿನಲ್ಲಿ ಖುಷಿಪಡಬೇಕೋ ಅಳಬೇಕೋ ತಿಳಿಯದೆ, "ನಾ ಬಿಡಂಗಿಲ್ಲ" ಎಂದಷ್ಟೇ ಹೇಳಿದೆ.

ರಕ್ತ ಏರಿಸಿದರು. ಹೊಟ್ಟೆಯ ಹುಣ್ಣು ಕಂಡಿತು. ಉಳಿದಳು.

ಮರುದಿನದಿಂದ ಮಾರ್ಗದರ್ಶಕಿಯೂ ನಾನೂ ಅಧ್ಯಯನದಲ್ಲಿದ್ದ ಪ್ರತಿಯೊಬ್ಬರ ಮನೆ ಬಾಗಿಲಿಗೆ ಹೋದೆವು. ನೋವಿನ ಗುಳಿಗೆಯ ಸ್ಟ್ರಿಪ್ಪನ್ನೇ ಕೈಯಲ್ಲಿ ಹಿಡಿದು ತೋರಿಸಿ ಕೇಳಿದಾಗ, ಹೂಂ ಎಂದವರು ಒಬ್ಬಿಬ್ಬರಲ್ಲ. ದೇವರ ದಯೆ, ಮತ್ತೆ ಯಾರಿಗೂ ಅಷ್ಟು ಆಗಿರಲಿಲ್ಲ. ಆದರೆ ಎರಡು ವರ್ಷ ತೊಡೆಯ ಮೇಲಿಟ್ಟು ತಂದ ರಕ್ತದ ಅರ್ಧದಷ್ಟು ನನ್ನ ಪ್ರಶ್ನೆಗೆ ಉಪಯೋಗವಿಲ್ಲದ್ದಾಯಿತು. ಪಿಎಚ್‌.ಡಿ.ಯ ಅವಧಿ ಮುಗಿಯುತ್ತಾ ಬಂದಿತ್ತು. ಪ್ರಬಂಧದ ಕೊನೆಯಲ್ಲಿ ನಾಲ್ಕು ಸಾಲು ಬರೆದು ಮುಗಿಸಬಹುದಿತ್ತು, ಹಾಗೆ ಮುಗಿಸಿದವರಿದ್ದಾರೆ. ನಾನು ಅವಧಿ ಹೆಚ್ಚಿಸಲು ಅರ್ಜಿ ಹಾಕಿ, ಪ್ರಶ್ನೆಯ ಹಾಳೆಯನ್ನು ಹರಿದು, ಹೊಸದನ್ನು ಬರೆಯಲು ಕೂತೆ. ಮೊದಲ ಪ್ರಶ್ನೆ: ಚಹಾದ ಜೊತೆ ಏನು ತೆಗೆದುಕೊಳ್ಳುತ್ತೀರಿ?

ಮೇಸ್ತ್ರಿಯ ಹತ್ತಿರವೂ ಹೋದೆ. ಅವಳು ಜಗಳಕ್ಕೇ ನಿಂತಳು. "ಗುಳಿಗಿ ಇಲ್ಲಂದ್ರ ಮಧ್ಯಾಹ್ನದ ಮ್ಯಾಲೆ ಯಾವಾಕಿ ಬಗ್ಗತಾಳ್ರಿ? ನೀವ್ ಬಗ್ಗತೀರೇನು?" ಬೆನ್ನು ನೋವು ಸುಳ್ಳಲ್ಲ. ಆದರೂ ವಾರಕ್ಕೊಮ್ಮೆ ಹೋಗುತ್ತಲೇ ಇದ್ದೆ. ಹೆಂಗಸರು ನನ್ನನ್ನು ಕಂಡರೆ ಗುಳಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಮನಸ್ಸಿಗೆ ಔಷಧಿ ಬೇಕೆನ್ನುವವರು ಇದ್ದರೂ ಅಲ್ಲಿ ಯಾರು ಬಾಯಿ ಬಿಡುತ್ತಾರೆ?

ಎರಡು ತಿಂಗಳ ನಂತರ ಅಕ್ಕ ಕೆಲಸಕ್ಕೆ ಮರಳಿದಳು. ಡಾಕ್ಟರು ಆಕೆಯ ಖಿನ್ನತೆಗೆ ರಕ್ತಸ್ರಾವದ ಭಯ ಕಡಿಮೆ ಇರುವ ಬೇರೆ ಗುಳಿಗೆ ಬರೆದಿದ್ದರು. ಹಾಗಾಗಿ ನನ್ನ ಅಧ್ಯಯನದಲ್ಲಿ ಆಕೆಗೆ ಜಾಗವಿರಲಿಲ್ಲ. ಅದನ್ನು ಹೇಳಿ, ತಪ್ಪಾಯಿತು ಎಂದು ಕೇಳಿಕೊಳ್ಳಬೇಕೆಂದೇ ಅವತ್ತು ಹೋಗಿದ್ದೆ. ಆಕೆ ನನ್ನ ಮಾತನ್ನು ಮುಗಿಸಲು ಬಿಡಲಿಲ್ಲ.

"ನೀವ್ ಕೇಳಿದ್ರ ಇವರು ಹೇಳಂಗಿಲ್ರಿ. ನಾ ಕೇಳ್ತೀನಿ, ನೀವ್ ಬರ್ಕೊಳ್ರಿ."

ಚಹಾದ ಹೊತ್ತು. ಎಲ್ಲರೂ ಬದುವಿನ ಮೇಲೆ ಕೂತಿದ್ದರು. ಮೇಸ್ತ್ರಿ ಕೈಚೀಲಕ್ಕೆ ಕೈ ಹಾಕಿದ್ದಳು. ಅಕ್ಕ ಅವಳ ಕೈಯಿಂದ ನೋವಿನ ಗುಳಿಗೆಯ ಸ್ಟ್ರಿಪ್ ತೆಗೆದುಕೊಂಡು ಎತ್ತಿ ತೋರಿಸಿದಳು.

"ನನ್ನ ಹೊಟ್ಯಾಗ ತೂತು ಮಾಡಿದ್ದು ಇದು."

ಆಮೇಲೆ ತನ್ನ ಸೊಂಟದ ಸಂಚಿ ಬಿಚ್ಚಿ ಇನ್ನೊಂದು ಸ್ಟ್ರಿಪ್ ತೆಗೆದಳು, ಖಿನ್ನತೆಯ ಗುಳಿಗೆಯದು. ನಾನು ಬೇಡ ಎನ್ನುವಂತೆ ಕೈ ಎತ್ತಿದೆ. ಆಕೆ ನನ್ನ ಕಡೆ ನೋಡದೆ, ಇಡೀ ಗುಂಪನ್ನು ನೋಡುತ್ತ ಹೇಳಿದಳು:

"ನಾ ಕಣ್ಣು ತೋರಿಸಾಕ ಹೋಗ್ತಿರಲಿಲ್ಲ. ಸಾಯಬೇಕು ಅನ್ನಿಸ್ತಿತ್ತು, ಅದಕ್ಕ ಹೋಗ್ತಿದ್ದೆ. ಈ ಗುಳಿಗಿ ನಾ ಬಿಡಂಗಿಲ್ಲ. ಈಗ ಹೇಳ್ರಿ, ಯಾರ್ಯಾರಿಗೆ ಹಂಗ ಅನ್ನಿಸ್ತೈತಿ?"

ಲೋಟಗಳು ಕೈಯಲ್ಲೇ ಉಳಿದವು. ಯಾರೂ ನಗಲಿಲ್ಲ. ಮೇಸ್ತ್ರಿ ಕೆಟಲನ್ನು ನೆಲಕ್ಕಿಟ್ಟು, ನನ್ನ ಪಕ್ಕ ಬಂದು ಕೂತು, "ಬರ್ಕೊಳ್ರಿ, ಮೊದಲ ನಂದು" ಎಂದಳು.