ಆಯುಧದ ಕೋಣೆಯಲ್ಲಿದ್ದ ಹೆಂಗಸು

ಮೊನ್ನೆ ಆ ಮನೆಯ ಹೊಸ್ತಿಲು ದಾಟಿದ ಕೂಡಲೇ ಮೂಗಿಗೆ ಬಡಿದದ್ದು ಫಿನಾಯಿಲ್ ವಾಸನೆ. ಆಸ್ಪತ್ರೆಯಲ್ಲಿ ಬರುವಂಥದ್ದು. ನನಗೆ ಗೊತ್ತಿದ್ದ ಆ ಮನೆಯಲ್ಲಿ ರೊಟ್ಟಿ ಸುಡುವ, ಗುರೆಳ್ಳು ಹುರಿಯುವ ವಾಸನೆ ಇರುತ್ತಿತ್ತು. ಎಲ್ಲವನ್ನೂ ತಿಕ್ಕಿ ತೊಳೆದುಬಿಟ್ಟಿದ್ದಾರೆ... ಅಲ್ಲಿದ್ದ ನಮ್ಮ ಎದುರುಮನೆಯ ಅಕ್ಕ ನೆನಪಾದಳು.

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಡಾಂಬರು ರಸ್ತೆ ಬಿಟ್ಟು ಒಳಗಿರುವ ಊರು ಅದು. ನಾನು ಸೊಸೆಯಾಗಿ ಹೋದ ಹೊಸದರಲ್ಲಿ ನಮ್ಮ ಅತ್ತೆ ಎದುರಿನ ಕಲ್ಲಿನ ಮನೆ ತೋರಿಸಿ, ನಿಜಾಮನ ವಿರುದ್ಧ ಬಂದೂಕು ಹಿಡಿದ ಯಜಮಾನರ ಮನೆ ಎಂದಿದ್ದರು. ಯಜಮಾನರು ಆಗ ಇನ್ನೂ ಬದುಕಿದ್ದರು. ಬಿಳಿ ಟೋಪಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಬಂದವರೆಲ್ಲ ಕಾಲಿಗೆ ಬೀಳುತ್ತಿದ್ದರು. ನಾನೂ ಬಿದ್ದಿದ್ದೆ.

ಅಕ್ಕ ಅವರ ಸೊಸೆ. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಹೋಗಿದ್ದ, ಒಬ್ಬ ಮಗನಿದ್ದ. ಆಕೆಯ ನಾಲಿಗೆಗೆ ಇಡೀ ಓಣಿ ಹೆದರುತ್ತಿತ್ತು. ನನ್ನ ಮೇಲೆ ಮಾತ್ರ ಯಾಕೋ ಮಮತೆ.

ಒಂದು ದಿನ ಹೆಪ್ಪಿಗೆ ಮಜ್ಜಿಗೆ ಕೇಳಲು ಹೋಗಿದ್ದೆ. ಅಡುಗೆಮನೆಯ ಹಿಂದೆ ಒಂದು ಕತ್ತಲೆ ಕೋಣೆ. ಅದರ ಬಾಗಿಲಲ್ಲಿ ಯಜಮಾನರ ಹೆಂಡತಿ ಕೂತು ಕಾಳು ಹಸನು ಮಾಡುತ್ತಿದ್ದರು. ಯಜಮಾನರು ಅವರ ಎದುರಿಗೇ ಬಂದು ನಿಂತು, ಅಕ್ಕನ ಕಡೆ ತಿರುಗಿ, “ನನ್ನ ಧೋತರ ಎಲ್ಲಿ ಇಟ್ಟಾಳ, ಆಕೀಗಿ ಕೇಳು” ಎಂದರು. ಅಕ್ಕ ಕೇಳಿದಳು. ಮುದುಕಿ ಗೂಟದ ಕಡೆ ಕೈ ತೋರಿಸಿದರು. ಯಜಮಾನರು ತೆಗೆದುಕೊಂಡು ಹೋದರು. ನಾನು ಮಜ್ಜಿಗೆ ಮರೆತು ನಿಂತಿದ್ದೆ.

ಬಹಳ ದಿನಗಳ ಮೇಲೆ, ರೊಟ್ಟಿ ಬಡಿಯುತ್ತಾ ಅಕ್ಕ ನನಗೆ ಎಲ್ಲವನ್ನೂ ಹೇಳಿದಳು. ಯಜಮಾನರು ಗಡಿಯಾಚೆಯ ಶಿಬಿರದಲ್ಲಿದ್ದಾಗ ನಿಜಾಮನ ಪೊಲೀಸರು ಮನೆಗೆ ನುಗ್ಗಿದ್ದರಂತೆ. ಗಂಡ ಎಲ್ಲಿದ್ದಾನೆ ಹೇಳು ಎಂದು, ತೊಟ್ಟಿಲ ಕೂಸನ್ನು ಬಿಡಿಸಿ ಹೆಂಡತಿಯನ್ನು ಠಾಣೆಗೆ ಎಳೆದೊಯ್ದಿದ್ದರಂತೆ. ಎರಡು ದಿನ. ಅವರು ಹೇಳಲಿಲ್ಲ. ನಿಜಾಮನ ಆಳ್ವಿಕೆ ಮುಗಿದ ಮೇಲೆ ಯಜಮಾನರು ಬಾವುಟ ಹಿಡಿದು ಬಂದರು, ಊರು ಹೆಗಲ ಮೇಲೆ ಹೊತ್ತು ತಂದಿತು. ಮನೆಯೊಳಗೆ ಬಂದವರು ತಮ್ಮ ತಾಯಿಯನ್ನು ಒಂದೇ ಮಾತು ಕೇಳಿದರಂತೆ, ಹೆಂಡತಿ ಠಾಣೆಯಲ್ಲಿ ರಾತ್ರಿ ಉಳಿದಿದ್ದಳೇ ಎಂದು. ಅಂದಿನಿಂದ ಹೆಂಡತಿಗೆ ಹಿಂದಿನ ಕೋಣೆ. ಸಾಯುವವರೆಗೆ ಅವರೊಂದಿಗೆ ಒಂದು ಮಾತಿಲ್ಲ.

“ಆಕಿ ಬಾಯಿ ಬಿಟ್ಟಿದ್ರ ಇಂವಾ ಉಳೀತಿದ್ದಿಲ್ಲ,” ಅಂದಳು ಅಕ್ಕ. “ಉಳದು ಬಂದು ಆಕಿ ಜೋಡಿ ಬಾಯಿ ಬಿಡಲಿಲ್ಲ. ಇಂಥವಂಗ ಮಂದಿ ಕಾಲಿಗಿ ಬೀಳ್ತಾರ ನೋಡು.”

ಆಮೇಲೆ ನಾನು ಆ ಕಟ್ಟೆಯ ಮುಂದೆ ತಲೆ ಬಾಗಿಸಲಿಲ್ಲ.

ಮುದುಕಿ ಸತ್ತಾಗ ಯಜಮಾನರು ಕಟ್ಟೆ ಬಿಟ್ಟು ಏಳಲಿಲ್ಲ. ಕೆಲವು ವರ್ಷಗಳ ನಂತರ ತಾವು ಸತ್ತಾಗ ಪೊಲೀಸರೇ ಬಂದು ಗಾಳಿಯಲ್ಲಿ ಗುಂಡು ಹಾರಿಸಿ ಮರ್ಯಾದೆ ಮಾಡಿದರು. ಆ ಸದ್ದಿಗೆ ಅಕ್ಕ ಒಳಗೆ ಕೂತು ನಕ್ಕದ್ದು ನನಗೊಬ್ಬಳಿಗೇ ಕೇಳಿಸಿತು...

ಆಮೇಲೆ ಸ್ಮಾರಕದ ಮಾತು ಶುರುವಾಯಿತು. ಊರಿನ ದೊಡ್ಡವರು ಸಮಿತಿ ಮಾಡಿಕೊಂಡರು. ಅಕ್ಕನ ಮಗ ಅಷ್ಟೊತ್ತಿಗೆ ಕಡೇಚೂರಿನ ಫ್ಯಾಕ್ಟರಿಗೆ ಸೇರಿ ಸೈದಾಪುರದಲ್ಲಿ ಮನೆ ಮಾಡಿದ್ದ. ಅಜ್ಜನ ಹೆಸರು ಉಳಿಯುತ್ತದೆಂದು ಮನೆಯನ್ನು ಬರೆದುಕೊಟ್ಟ. ಸಮಿತಿಯ ಅಧ್ಯಕ್ಷರು ಮನೆ ನೋಡಲು ಬಂದ ದಿನ ನಾನು ಅಲ್ಲೇ ಇದ್ದೆ. ಹಿಂದಿನ ಕೋಣೆಗೆ ಇಣುಕಿ, “ಇದು ಆಯುಧದ ಕ್ವಾಣಿ ಆಗ್ಲಿ, ಕತ್ಲಿ ಐತಿ, ಛಲೋ ಒಪ್ತದ” ಎಂದರು.

“ಇಲ್ಲಿ ಆಯುಧ ಇದ್ದಿಲ್ರಿ. ನಮ್ಮತ್ತಿ ಇದ್ಲು,” ಎಂದಳು ಅಕ್ಕ.

“ಅದೆಲ್ಲ ಮನಿ ಒಳಗಿನ ಮಾತು ಬಿಡ್ರಿ ಅಕ್ಕಾರ.”

ಉದ್ಘಾಟನೆಯ ದಿನ ಅಕ್ಕನಿಗೆ ಶಾಲು ಹೊದಿಸಿ, ಎರಡು ಮಾತು ಆಡಿರೆಂದು ಮೈಕು ಕೊಟ್ಟರು. ಆಕೆ ಶಾಲು ತೆಗೆದು ಕುರ್ಚಿಯ ಮೇಲಿಟ್ಟಳು. ಠಾಣೆಯ ಮಾತಿನಿಂದ ಶುರು ಮಾಡಿದಳು. ಕೋಣೆಯ ಮಾತಿಗೆ ಬರುವಷ್ಟರಲ್ಲಿ ಮೈಕು ಬಂದ್ ಆಯಿತು. ಆಕೆಗೆ ಮೈಕು ಯಾಕೆ ಬೇಕು? ಗಂಟಲು ಏರಿಸಿ, “ನಿಮ್ಮ ದೇವ್ರು ಹೆಂಡ್ತೀನ ಮನ್ಯಾಗ ಜೇಲಿಗೆ ಹಾಕಿದ್ದ, ಕೇಳ್ರಿ!” ಎಂದಳು. ಯಾರೋ ಬಾಜಾದವರಿಗೆ ಸನ್ನೆ ಮಾಡಿದರು. ಡೊಳ್ಳು, ಕಹಳೆ ಎಲ್ಲ ಒಮ್ಮೆಲೇ ಮೊಳಗಿದವು. ಮಗ ವೇದಿಕೆ ಹತ್ತಿ ರಟ್ಟೆ ಹಿಡಿದು ಇಳಿಸಿಕೊಂಡು ಬಂದ. ಬಾಜಾದ ನಡುವೆ ಆಕೆಯ ಬಾಯಿ ಆಡುತ್ತಲೇ ಇದ್ದದ್ದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ.

ಊರು ಆಕೆಯನ್ನು ಹುಚ್ಚಿ ಎಂದಿತು. ನಳದ ಹತ್ತಿರ ಹೆಂಗಸರು ಕೊಡ ಸರಿಸಿಕೊಂಡರು. ಹಿರೀಕರ ಹೆಸರು ಕೆಡಿಸಿದಳೆಂದು ನಮ್ಮ ಮನೆಯಲ್ಲೂ ಬೈದರು. ನಾನು ಎದುರು ಮಾತಾಡಿ ಬೈಸಿಕೊಂಡೆ. ಮಗ ಆಕೆಯನ್ನು ಸೈದಾಪುರಕ್ಕೆ ಕರೆದೊಯ್ದ.

ಅಲ್ಲಿಗೆ ಒಮ್ಮೆ ನೋಡಲು ಹೋಗಿದ್ದೆ. ನಾನು ಕೂತಿದ್ದಾಗಲೇ ಮಗ ಡ್ಯೂಟಿಯಿಂದ ಬಂದವನು, “ಚಾ ಕುಡದ್ಲೇನು, ಕೇಳು” ಎಂದು ಹೆಂಡತಿಗೆ ಹೇಳಿದ. ತಾಯಿ ಎದುರಿಗೇ ಇದ್ದಳು. ನನ್ನ ಮೈ ಉರಿದುಹೋಯಿತು. ಅಕ್ಕ ಮಾತ್ರ ತಣ್ಣಗೆ, “ಕುಡದಾಳಂತ ಹೇಳವ್ವಾ” ಎಂದು ಸೊಸೆಗೆ ಹೇಳಿ, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಬಸ್ಸಿನವರೆಗೆ ಬಂದು ಬಿಟ್ಟಳು. “ನಾ ಹೇಳಿದ್ದು ತಪ್ಪೇನು?” ಎಂದು ಅಲ್ಲಿ ಒಮ್ಮೆ ಕೇಳಿದಳು. ಇಲ್ಲವೆಂದೆ.

ಮೊನ್ನೆ ಮೊಮ್ಮಗಳು ಹಟ ಮಾಡಿದಳೆಂದು, ಈಗ ವಸ್ತುಸಂಗ್ರಹಾಲಯವಾಗಿರುವ ಆ ಮನೆಗೆ ಹೋದದ್ದು. ಹಿಂದಿನ ಕೋಣೆಯಲ್ಲಿ ಕೆಂಪು ದೀಪ, ಗಾಜಿನ ಪೆಟ್ಟಿಗೆಯೊಳಗೆ ಎಲ್ಲಿಂದಲೋ ತಂದ ತುಕ್ಕು ಹಿಡಿದ ಕತ್ತಿಗಳು. ತೋರಿಸುವ ಹುಡುಗ, ಯಜಮಾನರು ಬಂದೂಕು ಬಚ್ಚಿಟ್ಟ ಕೋಣೆ ಇದು ಎನ್ನುತ್ತಿದ್ದ.

“ಸುಳ್ಳು,” ಎಂದೆ.

“ಹೊರಗ ಹೋಗಿ ಮಾತಾಡ್ರಿ ಅಮ್ಮಾರ, ಮಂದಿ ಅದಾರ.”

“ಮಂದಿ ಅದಾರಂತನ ಹೇಳಾಕತ್ತೀನಿ.”

ಹೇಳಿದೆ. ಎಲ್ಲವನ್ನೂ ಅಲ್ಲೇ ನಿಂತು, ಅಕ್ಕನಷ್ಟೇ ಜೋರಾಗಿ ಹೇಳಿದೆ. ಕೆಲವರು ಮುಖ ಸಿಂಡರಿಸಿ ಹೊರಗೆ ನಡೆದರು. ಇಬ್ಬರು ಕಾಲೇಜು ಹುಡುಗಿಯರು ನಿಂತು ಕೇಳಿದರು. ಮುಗಿದ ಮೇಲೆ ಒಬ್ಬಳು, “ಆ ಅಮ್ಮಾರ ಹೆಸರೇನ್ರಿ?” ಎಂದಳು.

ನನಗೆ ಗೊತ್ತಿರಲಿಲ್ಲ. ಗಂಡನಿಗೆ ಅವರು ‘ಆಕಿ’, ಅಕ್ಕನಿಗೆ ‘ಅತ್ತಿ’, ಓಣಿಗೆ ಯಜಮಾನರ ಹೆಂಡತಿ. ಹೊರಗೆ ಬಂದು ಅಕ್ಕನ ಮಗನಿಗೆ ಫೋನು ಹಚ್ಚಿದೆ. “ಅದೆಲ್ಲ ಈಗ್ಯಾಕ ಬೇಕ್ರಿ?” ಎಂದು ಇಟ್ಟುಬಿಟ್ಟ. ಹೇಳುವವಳು ಅಕ್ಕ ಒಬ್ಬಳಿದ್ದಳು... ಆಕೆ ಹೋದ ವರ್ಷ ಸೈದಾಪುರದಲ್ಲಿ ತೀರಿಹೋದಳು.