ಅಕ್ಕನ ಮೂವತ್ತೆರಡು ಕಿಲೋಮೀಟರ್

ಮಗಳ ಸೈಕಲ್ಲಿಗೆ ಟ್ಯೂಬ್ ತರಲು ಮೊನ್ನೆ ಶನಿವಾರ, ಇಂಗ್ಲೆಂಡಿನಲ್ಲಿ ನಾನಿರುವ ಸಟನ್ ಕೋಲ್ಡ್‌ಫೀಲ್ಡಿನ ಸೈಕಲ್ ಅಂಗಡಿಗೆ ಹೋಗಿದ್ದೆ. ಬಾಗಿಲು ತಳ್ಳಿದ ಕೂಡಲೇ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ನಿಮಗೂ ಗೊತ್ತಿರುತ್ತದೆ ಆ ವಾಸನೆ. ಪರೀಕ್ಷೆ ಮುಗಿದ ಮರುದಿನದ ಹುರುಪು ಅದರಲ್ಲಿದೆ. ಅಂಗಡಿಯವನು ಟ್ಯೂಬಿನ ಅಳತೆಯನ್ನು ಎರಡು ಸಲ ಕೇಳಿದ. ನಾನಾಗಲೇ ಐದು ವರ್ಷ ಹಿಂದೆ ಹೋಗಿ, ಫ್ರಾನ್ಸಿನ ಒಂದು ನದಿಯ ದಂಡೆಯಲ್ಲಿ, ಅಕ್ಕನ ಹಿಂದೆ ಏದುಸಿರು ಬಿಡುತ್ತ ಸೈಕಲ್ ತುಳಿಯುತ್ತಿದ್ದೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಲೀಡ್ಸ್‌ನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ, ಮನೆ ಅಲ್ಲೇ ಹೆಡಿಂಗ್ಲೀಯಲ್ಲಿ. ದಿನವಿಡೀ ಜನರನ್ನು ಮಲಗಿಸಿ ಎಬ್ಬಿಸುವ ಕೆಲಸವಾದ್ದರಿಂದ ಯಾವುದನ್ನೂ ಒಂದೇ ಸಲ ನೋಡಿ ಬಿಡುವವಳಲ್ಲ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗುತ್ತಾಳೆ. ಬೆಳಿಗ್ಗೆ ಸ್ನಾನ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ, ಆಮೇಲೆಯೇ ಒಂದು ಗುಟುಕು ನೀರು. ಆಸ್ಪತ್ರೆಯ ಪಾಳಿ ಹೇಗೇ ಇರಲಿ, ಇದು ತಪ್ಪಿದ್ದಿಲ್ಲ. ನನ್ನ ಲಿಂಗ ಬಾಗಲಕೋಟೆಯ ಮನೆಯ ಕಪಾಟಿನಲ್ಲಿ ಬಹಳ ವರ್ಷಗಳಿಂದ ಕೂತಿದೆ. ಅದರ ಬಗ್ಗೆ ಅಕ್ಕ ಒಂದು ಮಾತೂ ಆಡಿಲ್ಲ. ಆಡಿದ್ದರೆ ನಾನೂ ಎರಡು ಮಾತು ವಾದಿಸಿ ಹಗುರಾಗುತ್ತಿದ್ದೆ.

ಐವತ್ತು ತುಂಬಿದ ವಾರವೇ ಅವಳು ಫೋನ್ ಮಾಡಿ, "ನನಗ ಸೈಕಲ್ ಹೊಡಿಯೂದು ಕಲಸ್ತೀ ಏನೋ ತಮ್ಮಾ?" ಎಂದು ಕೇಳಿದಳು. ಚಿಕ್ಕವರಿದ್ದಾಗ ನಾನೂ ಓಣಿಯ ಹುಡುಗರೂ ಒಳಪೆಡಲು ತುಳಿಯುತ್ತಿದ್ದರೆ ಅವಳು ಕಟ್ಟೆಯ ಮೇಲೆ ಕೂತು ನಮ್ಮ ಚಪ್ಪಲಿ ಕಾಯುತ್ತಿದ್ದಳು. ಅವಳಿಗೂ ಕಲಿಯಬೇಕು ಅನ್ನಿಸಿರಬಹುದು ಎಂದು ಆಗ ನನ್ನ ತಲೆಗೆ ಬಂದಿರಲಿಲ್ಲ. ಈಗ ಗುರುವಿನ ಪಟ್ಟ ಸಿಕ್ಕಿತಲ್ಲ, ನಾನು ಒಂದು ಸೀಟಿಯನ್ನೇ ಕೊಂಡುತಂದೆ. ಶನಿವಾರಗಳಂದು ಅವಳು ಲೀಡ್ಸಿನಿಂದ ನಮ್ಮಲ್ಲಿಗೆ ಬಂದರೆ ಸಟನ್ ಪಾರ್ಕಿನಲ್ಲಿ ಪಾಠ. ಅಲ್ಲಿ ತಮ್ಮ ಪಾಡಿಗೆ ಮೇಯುವ ಗಿಡ್ಡ ಕುದುರೆಗಳು ದಾರಿಗೆ ಅಡ್ಡ ನಿಂತಾಗ, ಅಕ್ಕ ಬೆಲ್ ಹೊಡೆಯದೆ "ಸರಿಯವ್ವಾ ಸ್ವಲ್ಪ" ಎನ್ನುತ್ತಿದ್ದಳು. ಅವೂ ಸರಿಯುತ್ತಿದ್ದವು. ನನ್ನ ಸೀಟಿಗೆ ಯಾರೂ ಸರಿಯಲಿಲ್ಲ.

ಕಲಿತ ಮೇಲೆ ಅವಳಿಗೆ ಹುಚ್ಚು ಹಿಡಿಯಿತು. ಫ್ರಾನ್ಸಿನ ಲುವಾರ್ ನದಿಯ ಗುಂಟ ಸೈಕಲ್ ಹಾದಿ ಇದೆಯಂತೆ, ಹತ್ತು ಹನ್ನೆರಡು ಕಿಲೋಮೀಟರಿಗೊಂದು ಹಳೆಯ ಕೋಟೆಯರಮನೆ ಸಿಗುತ್ತದಂತೆ ಎಂದು ದಿನಕ್ಕೊಂದು ಚಿತ್ರ ಕಳಿಸತೊಡಗಿದಳು. ಒಂದು ಅರಮನೆಯ ಮೆಟ್ಟಿಲುಗಳನ್ನು ಹೇಗೆ ಕಟ್ಟಿದ್ದಾರೆಂದರೆ ಹತ್ತುವವರೂ ಇಳಿಯುವವರೂ ಎದುರಾಗುವುದೇ ಇಲ್ಲವಂತೆ. "ನೀ ಹತ್ತು, ನಾ ಇಳೀತೀನಿ, ನೋಡೇಬಿಡೂಣು," ಎಂದಳು. ಜೂನ್ ತಿಂಗಳಲ್ಲಿ ಹೊರಟೆವು. ಬಾಡಿಗೆ ಸೈಕಲ್, ದಿನಕ್ಕೆ ಇಷ್ಟೇ ದೂರ. ಸೂಟ್‌ಕೇಸುಗಳನ್ನು ವ್ಯಾನಿನವನು ಬೆಳಿಗ್ಗೆ ಒಯ್ದು ಮುಂದಿನ ಊರಿನ ಹೋಟೆಲಿಗೆ ಮುಟ್ಟಿಸುತ್ತಾನೆ. ಮೊದಲ ಎರಡು ದಿನ ಹತ್ತು ಹತ್ತು ಕಿಲೋಮೀಟರ್ ತೂಗುತ್ತ ಹೋದೆವು. ದ್ರಾಕ್ಷಿ ತೋಟ ಕಂಡರೆ ನಿಂತೆವು, ಬ್ರೆಡ್ಡಿನ ಅಂಗಡಿ ಕಂಡರೆ ನಿಂತೆವು. ಅಕ್ಕ ಇಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಮೂರನೆಯ ದಿನ ಭಾನುವಾರ. ಬಿಸಿಲೇರುವ ಮೊದಲೇ ಹೊರಟು ನದೀ ದಂಡೆಯಲ್ಲಿ ಪೂಜೆ ಮಾಡಿಕೊಂಡು ಅಲ್ಲೇ ತಿಂಡಿ ತಿನ್ನುವುದೆಂದು ಅವಳ ಆಸೆ. ಎರಡು ದಿನದ ಬೆವರಿಗೆ ಲಿಂಗ ಕಟ್ಟಿದ ಕೊರಳಿನ ಶಿವದಾರ ಹರಿಯುವ ಹಾಗಾಗಿತ್ತು. ಕೊರಳಿಂದ ಜಾರಿ ದಾರಿಯಲ್ಲಿ ಬಿದ್ದೀತೆಂದು, ಲಿಂಗವಿರುವ ಬೆಳ್ಳಿಯ ಕರಡಿಗೆಯನ್ನು ಟವೆಲಿನಲ್ಲಿ ಸುತ್ತಿ ಹ್ಯಾಂಡಲಿನ ಚೀಲದಲ್ಲಿಟ್ಟು ಅವಳು ಸ್ನಾನಕ್ಕೆ ಹೋದಳು. ಇದೊಂದೂ ನನಗೆ ಗೊತ್ತಿಲ್ಲ. ಮುಂದೆ ಭಾರವಾದರೆ ಅವಳ ಹ್ಯಾಂಡಲ್ ಓಲಾಡುತ್ತದೆ ಎಂಬುದು ಮಾತ್ರ ಗುರುಗಳಿಗೆ ಗೊತ್ತು. ಚೀಲ ಎತ್ತಿ ನೋಡಿದೆ, ಹಗುರ ಮಾಡಬೇಕೆನ್ನಿಸಿತು, ಟವೆಲಿನ ಗಂಟನ್ನು ತೆಗೆದು ಅವಳ ಸೂಟ್‌ಕೇಸಿನ ಬದಿಗೆ ತುರುಕಿದೆ. ವ್ಯಾನು ಹೋಯಿತು. ಬೀಗವನ್ನು ಮೂರು ಸಲ ಜಗ್ಗುವವಳು ಅವತ್ತು ಚೀಲ ತೆಗೆದೂ ನೋಡದೆ ಸೈಕಲ್ ಹತ್ತಿದಳು.

ಒಂದು ತಾಸಿನ ಮೇಲೆ ಅಕ್ಕ ನದಿಯಲ್ಲಿ ಕೈಕಾಲು ತೊಳೆದು, ಹುಲ್ಲಿನ ಮೇಲೆ ಪದ್ಮಾಸನ ಹಾಕಿ ಚೀಲ ತೆಗೆದಳು. ಒಳಗೆ ಕೈಯಾಡಿಸಿದಳು. ಪೂರ್ತಿ ಬೋರಲು ಹಾಕಿದಳು. ನನಗೆ ಟವೆಲಿನ ಗಂಟು ನೆನಪಾಯಿತು.

"ಲಿಂಗ ಇಲ್ಲೋ," ಎಂದಳು.

"ಸೂಟ್‌ಕೇಸಿನ್ಯಾಗ ಇರಬೇಕು ನೋಡಕ್ಕಾ."

ಇರಬೇಕು ಎಂದೆ. ನಾನೇ ಇಟ್ಟೆ ಎನ್ನಲಿಲ್ಲ. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಕೂತಿತು. ಸೀಟಿ ಊದಿದ ಬಾಯಿಗೆ ತಪ್ಪೊಪ್ಪಿಕೊಳ್ಳುವುದು ಕಷ್ಟ. ವ್ಯಾನಿನವನು ಫೋನ್ ಎತ್ತಲಿಲ್ಲ. ಭಾನುವಾರದ ಹಳ್ಳಿ, ಕಿಟಕಿಗಳೆಲ್ಲ ಮುಚ್ಚಿವೆ, ಟ್ಯಾಕ್ಸಿ ಎಂಬ ಪ್ರಾಣಿಯ ಸುಳಿವಿಲ್ಲ. ಮುಂದಿನ ಹೋಟೆಲು ಇನ್ನೂ ಮೂವತ್ತೆರಡು ಕಿಲೋಮೀಟರ್, ಅದೂ ಇಡೀ ದಿನ ನಿಂತು ನಿಂತು ಹೋಗಲೆಂದು ಇಟ್ಟುಕೊಂಡ ದೂರ. ಲಿಂಗ ಕೈಗೆ ಬರುವ ತನಕ ಅವಳು ನೀರೂ ಮುಟ್ಟುವವಳಲ್ಲ. ನೀರಾದರೂ ಕುಡಿ ಎಂದು ಹೇಳಲು ನಾನು ಬಾಯಿ ತೆಗೆಯುವಷ್ಟರಲ್ಲಿ ಅಕ್ಕ ಹೆಲ್ಮೆಟ್ ಕಟ್ಟಿಕೊಂಡಿದ್ದಳು.

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಇಳಿಜಾರಿಗೆ ಕಾಲು ಕೆಳಗಿಟ್ಟು ತಳ್ಳಿಕೊಂಡು ಹೋಗುತ್ತಿದ್ದ ಹೆಂಗಸು ಬ್ರೇಕ್ ಮುಟ್ಟದೆ ಇಳಿದಳು. ಏರಿನಲ್ಲಿ ಎದ್ದು ನಿಂತು ತುಳಿದಳು. ಅದನ್ನು ನಾನು ಕಲಿಸಿರಲಿಲ್ಲ, ನನಗೇ ಬರುವುದಿಲ್ಲ. ಸೂರ್ಯಕಾಂತಿ ಹೊಲಗಳು, ಪಾಪ್ಲರ್ ಮರಗಳ ಸಾಲು, ಚರ್ಚಿನ ಗಂಟೆ ಎಲ್ಲವೂ ಹಿಂದಕ್ಕೆ ಓಡಿದವು. ನಡುವೆ ಒಂದು ದಂಡು ಸೈಕಲ್ ಸವಾರರು, ಬಣ್ಣದ ಬಿಗಿ ಅಂಗಿಯವರು, ಬದಿಗೆ ಸರಿದು ಅವಳಿಗೆ ದಾರಿ ಬಿಟ್ಟು ಚಪ್ಪಾಳೆ ತಟ್ಟಿದರು. ಮೊದಲ ಅರಮನೆ ಎಡಕ್ಕೆ ಬಂತು, ಹೋಯಿತು. ಎರಡನೆಯದಕ್ಕೆ ಅವಳು ಕತ್ತು ತಿರುಗಿಸಲಿಲ್ಲ. ಮೆಟ್ಟಿಲಿನ ಅರಮನೆ ಬಂದಾಗ ಮಾತ್ರ, ನೂರೆಂಟು ಚಿಮಣಿಗಳ ಆ ಬಿಳಿಯ ಕಟ್ಟಡದ ಕಡೆಗೆ ಒಂದು ಕೈ ಎತ್ತಿ ನಮಸ್ಕಾರ ಮಾಡಿದಳು. ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು! ನಾನು ತಪ್ಪಿತಸ್ಥ, ಹಸಿದವನು, ಹೆದರಿದವನು. ಆದರೂ ಎದೆಯಲ್ಲಿ ಡೊಳ್ಳು ಬಾರಿಸಿದ ಹಾಗಾಯಿತು. ನನ್ನ ಅಕ್ಕ, ನೋಡಿ ಎಂದು ಆ ಹೊಲಗಳಿಗೆಲ್ಲ ಕೂಗಿ ಹೇಳಬೇಕೆನ್ನಿಸಿತು.

ನಾನು ಹೋಟೆಲು ಮುಟ್ಟುವಾಗ ಅವಳು ಬಂದು ಅರ್ಧ ತಾಸಾಗಿತ್ತು. ಹಿತ್ತಲ ತೋಟದ ಕಲ್ಲುಬೆಂಚಿನ ಮೇಲೆ ಕೂತಿದ್ದಳು, ಅಂಗೈಯಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಹೋಟೆಲಿನ ಅಜ್ಜಿ ಏನೂ ಅರ್ಥವಾಗದಿದ್ದರೂ ದೂರದಲ್ಲಿ ಒಂದು ತಂಬಿಗೆಯಷ್ಟು ನೀರು ಹಿಡಿದು ಸುಮ್ಮನೆ ನಿಂತಿದ್ದಳು. ಪೂಜೆ ಮುಗಿಸಿ, ನೀರು ಕುಡಿದು ಅಕ್ಕ ಅಂದಳು: "ಖುಷಿ ಜಾಸ್ತಿ ಆತೋ ತಮ್ಮಾ. ಖುಷಿಯೊಳಗ ಏನ್ ಎಲ್ಲಿ ಇಟ್ಟೆ ಅನ್ನೂದ ತಿಳೀಲಿಲ್ಲ. ಇನ್ನ ಇಂಥಾ ತಿರುಗಾಟ ಸಾಕು."

ಆಗಲಾದರೂ ಹೇಳಬೇಕಿತ್ತು. ಊಟವಾಗಲಿ ಎಂದೆ, ಊರು ಮುಟ್ಟಲಿ ಎಂದೆ, ದೀಪಾವಳಿಗೆ ಬಂದಾಗ ಎಂದೆ. ಐದು ವರ್ಷ ಹೀಗೇ ಹೋದವು. ಅಕ್ಕ ಮತ್ತೆ ಸೈಕಲ್ ಹತ್ತಲಿಲ್ಲ.

ಶನಿವಾರ ಅಂಗಡಿಯಿಂದ ಹೊರಗೆ ಬಂದವನೇ ಕಾರಿನಲ್ಲಿ ಕೂತು ಲೀಡ್ಸಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ: ಚೀಲದ ಭಾರ, ಟವೆಲಿನ ಗಂಟು, ಮುಚ್ಚಿಕೊಂಡೇ ಇದ್ದ ನನ್ನ ಬಾಯಿ.

"ಅವತ್ತಿನಿಂದ ದಿನಾ ಪೂಜಾದಾಗ ಕ್ಷಮಾ ಕೇಳಾಕತ್ತೀನಿ," ಎಂದಳು ಅಕ್ಕ. "ಮೈಮರತು ಖುಷಿ ಪಟ್ಟೆ, ತಪ್ಪಾತು ಅಂತ. ಐದು ವರ್ಷ."

"ತಪ್ಪು ನಂದಕ್ಕಾ," ಎಂದೆ.

"ನಾಳಿಂದ ನೀ ಕೇಳು," ಎಂದು ಫೋನ್ ಇಟ್ಟಳು.

ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಯಾರನ್ನು, ಹೇಗೆ ಕೇಳಬೇಕೆಂದು ತಿಳಿಯದೆ ಚಹಾಕ್ಕೂ ಇಡದೆ ಸುಮ್ಮನೆ ನಿಂತಿದ್ದೆ. ಬೆಳಿಗ್ಗೆ ಬಾಯಿಗೆ ಏನೂ ಹಾಕದೆ ಹೀಗೆ ನಿಂತು ಎಷ್ಟು ವರ್ಷವಾಗಿತ್ತೋ. ಅಷ್ಟರಲ್ಲಿ ಅವಳದೇ ಫೋನ್ ಬಂತು, ಅವಳು ಫೋನ್ ಮಾಡುವ ಹೊತ್ತಿಗಿಂತ ಬಹಳ ಮುಂಚೆ.

"ಜೂನ್‌ದಾಗ ಒಂಬತ್ತು ದಿನ ರಜಾ ಕೇಳೀನಿ. ನನ್ನ ಚೀಲ ನಾ ಕಟ್ಟಕೋತೀನಿ, ನೀ ಕೈ ಹಚ್ಚಬ್ಯಾಡ."

"ಪೂಜಾ ಆತೇನಕ್ಕಾ?"

"ಆತು," ಎಂದಳು. "ಇವತ್ತು ಲಗೂನ ಮುಗೀತು."