ಮಾದಪ್ಪ ಬಿಟ್ಟುಕೊಟ್ಟ ದಾರಿ

ಮಾದಪ್ಪನನ್ನು ನಂಬಿದವರ ಮುಂದೆ ನನ್ನ ತಪ್ಪಿನಿಂದಲೇ ಶುರುಮಾಡುತ್ತೇನೆ. ತಿಗನಾರೆಯ ನಮ್ಮ ಕೆರೆ ಬತ್ತಿದ್ದಕ್ಕೆ ಹೂಳೇ ಕಾರಣವೆಂದು ಊರನ್ನು ನಂಬಿಸಿ, ಕಳೆದ ಬೇಸಿಗೆಯಿಡೀ ಎಲ್ಲರ ಕೈಲಿ ಹೂಳೆತ್ತಿಸಿದವಳು ನಾನು. ಕೆರೆ ತುಂಬದಿದ್ದರೆ ದನಗಳನ್ನು ನೀರಿಗೆಂದು ಆನೆ ಓಡಾಡುವ ಕಾಡಂಚಿಗೇ ಹೊಡೆಯಬೇಕು. ಮೂರು ಮಳೆ ಚೆನ್ನಾಗಿಯೇ ಬಿದ್ದವು. ಕೆರೆಗೆ ಒಂದು ಬಿಂದಿಗೆ ನೀರೂ ಬರಲಿಲ್ಲ.

"ಮೈಸೂರ್ಗೋಗಿ ಓದ್ಕಂಡ್ ಬಂದು ನಮ್ ಕೈಲಿ ಆಟದ ಬಯ್ಲು ಮಾಡುಸ್ದಲ್ಲವ್ವಾ!" ಎಂದು ಚಿಕ್ಕವ್ವ ಎಲ್ಲರೆದುರು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅತ್ತೆ.

ಸೋಮವಾರ ಮಳೆಯಲ್ಲೇ, ಕೆರೆಗೆ ನೀರು ತರುವ ಹಳ್ಳದ ದಡದಲ್ಲಿರುವ ಮಾದಪ್ಪನ ಕಲ್ಲಿಗೆ ಹೋದೆ. "ಅಪ್ಪಾ, ನನ್ನ ಮಾನ ಹೋಗಲಿ, ದನಗಳಿಗೆ ನೀರು ಕೊಡು" ಎಂದು ಕಣ್ಣು ಮುಚ್ಚಿದೆ. ತೆರೆದಾಗ, ಇಳಿದು ಬಂದ ಕೆಂಪು ನೀರು ಕಲ್ಲಿನ ಸುತ್ತಲ ಸಿಮೆಂಟ್ ಕಟ್ಟೆಗೆ ಬಡಿದು, ಪಕ್ಕದ ಕೊರಕಲಿಗೆ ತಿರುಗಿ ಕಾಡಿನತ್ತ ಓಡುತ್ತಿತ್ತು. ಬೇಸಿಗೆಯಲ್ಲಿ ಅದೇ ಕಟ್ಟೆಯ ಮೇಲೆ ಕೂತು ಬುತ್ತಿ ಉಂಡಿದ್ದೆವು. ಹಳ್ಳ ಒಣಗಿದ್ದರಿಂದ, ಅದು ನೀರಿಗೆ ಅಡ್ಡವೆಂದು ಯಾರಿಗೂ ಹೊಳೆದಿರಲಿಲ್ಲ.

ಆ ಕಟ್ಟೆ ಊರವರು ಕಟ್ಟಿಸಿದ್ದೆಂದು ನನ್ನ ನೆನಪು. ನನ್ನ ನೆನಪನ್ನು ನಾನು ನಂಬುವುದಿಲ್ಲ. ಹಳೆಯ ದಿನಚರಿ ತೆಗೆದೆ. ನನ್ನದೇ ಅಕ್ಷರ: "ಎಂ.ಎ. ಪಾಸಾಯಿತು. ಹರಕೆಯಂತೆ ಮಾದಪ್ಪನ ಕಟ್ಟೆ ಅಗಲ ಮಾಡಿಸಿದೆ." ಅಲ್ಲಿಂದೀಚೆಗೆ ಕೆರೆ ತುಂಬಿದ ಮಾತು ದಿನಚರಿಯಲ್ಲಿ ಎಲ್ಲೂ ಇಲ್ಲ.

ದೇವರ ಕಟ್ಟೆಯನ್ನು ಒಡೆಯುವವರು ಯಾರು? ಪೂಜೆ ಮಾಡುವ ತಮ್ಮಡಿ ಅಜ್ಜನಿಗೆ ಎಲ್ಲವನ್ನೂ ಹೇಳಿದೆ. "ನಾ ಯಾರವ್ವಾ ಯೋಳಕೆ? ಅಪ್ಪನ್ನೇ ಕೇಳುವ" ಎಂದರು. ಮುಂದಿನ ಸೋಮವಾರ ಕಲ್ಲಿನ ನೆತ್ತಿಯ ಮೇಲೆ ಹೂವಿಟ್ಟರು. ಬಲಕ್ಕೆ ಬಿದ್ದರೆ ಒಪ್ಪಿಗೆ. ಊರೆಲ್ಲ ಸುತ್ತ ನೆರೆದಿತ್ತು.

"ನಿನ್ ಕಟ್ಟೆನೇ ಕೇಳ್ತಾವ್ಳೆ ಕಣಪ್ಪ, ಬೇಜಾರ್ ಮಾಡ್ಕಬ್ಯಾಡ" ಎಂದರು ಚಿಕ್ಕವ್ವ.

ಹೂ ಬಲಕ್ಕೆ ಬಿತ್ತು. ಗಾಳಿ ಬೀಸಿತೇನೋ ಎಂಬ ಅನುಮಾನ ನನಗೆ. ಬಾಯಿಬಿಟ್ಟು ಕೇಳಿಯೂ ಬಿಟ್ಟೆ. ತಮ್ಮಡಿ ಅಜ್ಜ ನಕ್ಕರು: "ಆ ಗಾಳಿ ಯಾರ್ದವ್ವಾ?"

ಅಂದೇ ಕಲ್ಲನ್ನು ದಿಬ್ಬದ ಮೇಲೆ ಕೂರಿಸಿ ಕಟ್ಟೆ ಒಡೆದೆವು. ಮೊದಲ ಹಾರೆಯ ಏಟು ನನ್ನದು. ಮುಂದಿನ ಮಳೆಗೆ ಹಳ್ಳ ನೇರ ಕೆರೆಗೇ ಬಂತು. ಚಿಕ್ಕವ್ವ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಲ್ಲಿ ನಿಂತು, "ಬಾರಮ್ಮಿ, ನಿನ್ ಆಟದ ಬಯ್ಲು ನೋಡು ಬಾ!" ಎಂದು ನನ್ನ ಮೇಲೆ ನೀರೆರಚಿದರು. ನಮ್ಮ ಹಸು ಇಬ್ಬರನ್ನೂ ಪಕ್ಕಕ್ಕೆ ತಳ್ಳಿ ಬಾಯಿ ಹಾಕಿತು.

ಕಟ್ಟೆ ಕೊಟ್ಟಾಗ ಮಾದಪ್ಪ ಸುಮ್ಮನೆ ತೆಗೆದುಕೊಂಡ. ಬೇಡಿದಾಗ ಸುಮ್ಮನೆ ಬಿಟ್ಟುಕೊಟ್ಟ. ಅವನ ಪಾದಕ್ಕೆ ಶರಣು. ಹೂ ಬಿದ್ದದ್ದು ಬಲಕ್ಕೇ ಎಂದು ಅಂದೇ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ನನ್ನ ನೆನಪು ಮುಂದೆ ಏನೇ ಹೇಳಿದರೂ, ಕೆರೆಯಲ್ಲಿ ನೀರಿದೆ.